ತಡವರಿಕೆಯನ್ನು ಅಳೆದ ಯಂತ್ರ

ಐವತ್ತರ ದಶಕದ ಬ್ರಿಟನ್ನಿನಲ್ಲಿ ದೊಡ್ಡ ಕಂಪನಿಗಳ ಲೆಕ್ಕಪತ್ರವೆಲ್ಲ ರಟ್ಟಿನ ಕಾರ್ಡುಗಳ ಮೇಲೆ ನಡೆಯುತ್ತಿತ್ತು. ನೌಕರರ ಸಂಬಳ, ಗೋದಾಮಿನ ದಾಸ್ತಾನು, ಗಿರಾಕಿಗಳ ಬಿಲ್ಲು ಎಲ್ಲವೂ ಮೊದಲು ಕಾರ್ಡಿನ ಮೇಲೆ ತೂತುಗಳಾಗಬೇಕು, ಆಮೇಲೆ ಎಣಿಕೆಯ ಯಂತ್ರದೊಳಗೆ ಹೋಗಬೇಕು. ತೂತು ಹಾಕುವ ಕೆಲಸ ಪಂಚ್ ಆಪರೇಟರ್‌ಗಳದು. ಅವರಲ್ಲಿ ಬಹುಪಾಲು ಹೆಂಗಸರು. ಕಣ್ಣನ್ನು ಎದುರಿನ ಕಾಗದದಿಂದ ಕೀಳದೆ, ಕೀಲಿಗಳನ್ನು ನೋಡದೆ, ಬೆರಳಿನ ಅಂದಾಜಿನಲ್ಲೇ ಅಂಕೆಗಳನ್ನು ಒತ್ತುತ್ತ ಹೋಗಬೇಕು. 3 ಒತ್ತುವ ಕಡೆ 6 ಒತ್ತಿದರೆ ಯಾರದೋ ಸಂಬಳ ಏರುಪೇರಾಗುತ್ತದೆ. ಆ ಭಯಕ್ಕೇ ಒಬ್ಬಾಕೆ ತೂತು ಹಾಕಿದ ಕಾರ್ಡಿಗೆ ಇನ್ನೊಬ್ಬಾಕೆ ಅದೇ ಅಂಕೆಗಳನ್ನು ಮತ್ತೊಮ್ಮೆ ಒತ್ತಿ ತಾಳೆ ನೋಡುವ ಪದ್ಧತಿಯಿತ್ತು. ಹೊಸಬರನ್ನು ಈ ಕೆಲಸಕ್ಕೆ ಪಳಗಿಸುವುದು ಕಂಪನಿಗಳಿಗೆ ತಲೆನೋವಾಗಿತ್ತು.

1956ರಲ್ಲಿ ಈ ತಲೆನೋವಿಗೆ ಒಂದು ಪೆಟ್ಟಿಗೆ ಬಂತು. ಹೆಸರು ಸ್ಯಾಕಿ, ಬಿಡಿಸಿ ಹೇಳಿದರೆ, ಕಲಿಯುವವರಿಗೆ ತಕ್ಕಂತೆ ತನ್ನನ್ನೇ ಬದಲಿಸಿಕೊಳ್ಳುವ ಕೀಲಿಮಣೆ ಮೇಷ್ಟ್ರು. ಕಟ್ಟಿದವರು ಗಾರ್ಡನ್ ಪಾಸ್ಕ್ ಮತ್ತು ಅವರ ಕೇಂಬ್ರಿಜ್ ಗೆಳೆಯ ರಾಬಿನ್ ಮೆಕಿನನ್ ವುಡ್. ಪಾಸ್ಕ್‌ಗೆ ಆಗ ಇಪ್ಪತ್ತೆಂಟರ ಪ್ರಾಯ. ಬೋ ಟೈ ಕಟ್ಟಿ, ಹೆಗಲಿಗೆ ನಿಲುವಂಗಿ ಇಳಿಬಿಟ್ಟು ಓಡಾಡುತ್ತಿದ್ದ ವಿಲಕ್ಷಣ ಮನುಷ್ಯ. ಒಬ್ಬೊಬ್ಬ ಕಲಿಕಾರ್ಥಿಗೆ ಒಂದೊಂದು ರೀತಿ ಪಾಠ ಹೇಳುವ ಯಂತ್ರವೊಂದು ಪ್ರಯೋಗಾಲಯ ದಾಟಿ ಮಾರಾಟಕ್ಕೆ ಬಂದದ್ದು ಬಹುಶಃ ಇದೇ ಮೊದಲು ಎಂದು ಈ ಚರಿತ್ರೆ ಬರೆದವರು ಹೇಳುತ್ತಾರೆ. ಅದರೊಳಗೆ ಕಂಪ್ಯೂಟರ್ ಇರಲಿಲ್ಲ.

ಪಾಠ ಹೇಳುವ ಯಂತ್ರ ಅದಕ್ಕೆ ಮೂವತ್ತು ವರ್ಷ ಮೊದಲೇ ಇತ್ತು. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಸಿಡ್ನಿ ಪ್ರೆಸ್ಸಿ 1920ರ ದಶಕದ ನಡುವಿನಲ್ಲಿ ಟೈಪ್‌ರೈಟರಿನಂಥ ಒಂದು ಸಾಧನ ಮಾಡಿ ತೋರಿಸಿದರು. ಪ್ರಶ್ನೆಗೆ ನಾಲ್ಕು ಉತ್ತರ, ಅದಕ್ಕೆ ನಾಲ್ಕು ಕೀಲಿ. ಒಂದು ಸನ್ನೆಯನ್ನು ಎತ್ತಿಟ್ಟರೆ, ಸರಿಯುತ್ತರ ಒತ್ತುವ ತನಕ ಯಂತ್ರ ಮುಂದಿನ ಪ್ರಶ್ನೆಗೆ ಹೋಗುತ್ತಲೇ ಇರಲಿಲ್ಲ. ಇಂತಿಷ್ಟು ಸರಿಯುತ್ತರಕ್ಕೆ ಒಂದು ಮಿಠಾಯಿ ಉದುರಿಸುವ ಭಾಗವನ್ನೂ ಅದಕ್ಕೆ ಜೋಡಿಸಬಹುದಿತ್ತು. ಮಿಠಾಯಿಯ ಕಥೆ ಎಲ್ಲರಿಗೂ ನೆನಪಿರುತ್ತದೆ, ಅದಕ್ಕಿಂತ ಮುಖ್ಯವಾದದ್ದು ಮರೆತುಹೋಗುತ್ತದೆ. 1927ರ ಸುಮಾರಿಗೆ ಪ್ರೆಸ್ಸಿ ಮಾಡಿದ ಎರಡನೆಯ ಯಂತ್ರದಲ್ಲಿ, ವಿದ್ಯಾರ್ಥಿ ಒಂದು ಪ್ರಶ್ನೆಗೆ ಸತತ ಎರಡು ಸಲ ಸರಿಯಾಗಿ ಉತ್ತರಿಸಿದರೆ ಆ ಪ್ರಶ್ನೆ ಮತ್ತೆ ಬರುತ್ತಿರಲಿಲ್ಲ. ಉತ್ತರ ಬಾರದ ಪ್ರಶ್ನೆಗಳು ಮಾತ್ರ ಸುತ್ತಿ ಸುತ್ತಿ ಬರುತ್ತಿದ್ದವು. ಕಲಿಯುವವರನ್ನು ನೋಡಿಕೊಂಡು ಪಾಠ ಬದಲಾಗುವುದು ಎಂಬುದರ ಮೊದಲ ಎಳೆ ಇಲ್ಲಿದೆ. ಆದರೆ ಆರ್ಥಿಕ ಕುಸಿತದ ಕಾಲ ಬಂತು. ಕೆಲಸವಿಲ್ಲದ ಮೇಷ್ಟ್ರುಗಳೇ ಬೀದಿಯಲ್ಲಿದ್ದಾಗ ಮೇಷ್ಟ್ರ ಕೆಲಸ ಉಳಿಸುವ ಯಂತ್ರ ಯಾರಿಗೆ ಬೇಕು? 1932ರಲ್ಲಿ ಪ್ರೆಸ್ಸಿ ಕೈಚೆಲ್ಲಿದರು.

ಮುಂದಿನ ಹೆಸರು ಎಲ್ಲರೂ ಕೇಳಿರುವಂಥದ್ದು: ಹಾರ್ವರ್ಡಿನ ಬಿ. ಎಫ್. ಸ್ಕಿನ್ನರ್. 1953ರಲ್ಲಿ ಅವರು ಮಗಳ ನಾಲ್ಕನೆಯ ತರಗತಿಯ ಗಣಿತ ಪಾಠ ನೋಡಲು ಹೋದರು. ಮಾಡಿದ ಲೆಕ್ಕ ಸರಿಯೋ ತಪ್ಪೋ ಎಂದು ಮಕ್ಕಳಿಗೆ ಕೂಡಲೇ ತಿಳಿಯುತ್ತಿರಲಿಲ್ಲ. ಬೇಗ ಮುಗಿಸಿದವರೂ ತಿಣುಕುತ್ತಿದ್ದವರೂ ಒಂದೇ ವೇಗಕ್ಕೆ ಕಟ್ಟುಬಿದ್ದಿದ್ದರು. ಈ ಎರಡು ದೋಷಗಳಿಗೆ ಮದ್ದಾಗಿ ಅವರು ಯಂತ್ರ ಕಟ್ಟಿದರು. ಪಾಠವನ್ನು ಸಣ್ಣ ಸಣ್ಣ ತುಣುಕು ಮಾಡಿ, ಮಗು ಎಡವುವುದೇ ಕಷ್ಟ ಎನ್ನುವಷ್ಟು ನುಣುಪಾದ ದಾರಿ ಹಾಕಿದರು. ಮಗು ಉತ್ತರ ಬರೆದು ಸನ್ನೆ ಸರಿಸಿದರೆ ಸರಿಯುತ್ತರ ಕಾಣುತ್ತದೆ. ಬೋಧನಾ ಯಂತ್ರ ಎಂದೊಡನೆ ಸ್ಕಿನ್ನರ್ ಹೆಸರೇ ಮೊದಲು ಬರುವುದು ನನಗಂತೂ ಸ್ವಲ್ಪ ಅನ್ಯಾಯವೆನಿಸುತ್ತದೆ. ಅವರ ಯಂತ್ರದಲ್ಲಿ ಮಕ್ಕಳ ವೇಗ ಬೇರೆಯಾಗಬಹುದಿತ್ತೇ ಹೊರತು ದಾರಿ ಎಲ್ಲರಿಗೂ ಒಂದೇ. ಮಗು ಏನು ಬರೆಯಿತು ಎಂಬುದರಿಂದ ಮುಂದಿನ ತುಣುಕಿನಲ್ಲಿ ಯಾವ ವ್ಯತ್ಯಾಸವೂ ಆಗುತ್ತಿರಲಿಲ್ಲ.

ಸ್ಕಿನ್ನರ್ ತಪ್ಪನ್ನು ದೂರ ಇಡಲು ನೋಡಿದರೆ, ನಾರ್ಮನ್ ಕ್ರೌಡರ್ ತಪ್ಪನ್ನೇ ಹುಡುಕಿಕೊಂಡು ಹೋದರು. ಕ್ರೌಡರ್ ಅಮೆರಿಕದ ವಾಯುಪಡೆಯಲ್ಲಿ, ಕೆಟ್ಟ ಉಪಕರಣದ ದೋಷ ಪತ್ತೆಹಚ್ಚುವುದನ್ನು ತಂತ್ರಜ್ಞರಿಗೆ ಕಲಿಸುವ ಕೆಲಸದಲ್ಲಿದ್ದವರು. ಅವರ ಉಪಾಯ ಅರ್ಥವಾಗಲು ಒಂದು ಲೆಕ್ಕ ಸಾಕು. ಅರ್ಧಕ್ಕೆ ಮೂರನೇ ಒಂದು ಕೂಡಿದರೆ ಎಷ್ಟು? ಸರಿಯುತ್ತರ ಆರನೇ ಐದು. ಒಂದು ಮಗು ಐದನೇ ಎರಡು ಎನ್ನುತ್ತದೆ: ಅದು ಮೇಲಿನ ಅಂಕೆಗಳನ್ನೂ ಕೆಳಗಿನ ಅಂಕೆಗಳನ್ನೂ ಬೇರೆಬೇರೆಯಾಗಿ ಕೂಡಿದೆ. ಇನ್ನೊಂದು ಮಗು ಆರನೇ ಒಂದು ಎನ್ನುತ್ತದೆ: ಅದು ಕೂಡುವ ಬದಲು ಗುಣಿಸಿದೆ. ಇಬ್ಬರಿಗೂ ‘ತಪ್ಪು, ಮತ್ತೆ ಮಾಡು’ ಎಂದರೆ ಏನು ಪ್ರಯೋಜನ? ಮೊದಲ ಮಗುವಿಗೆ ಛೇದ ಎಂದರೇನೆಂದು ಮತ್ತೆ ಹೇಳಬೇಕು, ಎರಡನೆಯದಕ್ಕೆ ಚಿಹ್ನೆ ನೋಡಲು ಹೇಳಿದರೆ ಸಾಕು. ಕ್ರೌಡರ್ ಪ್ರತಿಯೊಂದು ತಪ್ಪುತ್ತರದ ಮುಂದೆಯೂ ಒಂದೊಂದು ಕವಲುದಾರಿ ಇಟ್ಟರು. ಅವರ ಆಟೊಟ್ಯೂಟರ್ ಯಂತ್ರ ಮೈಕ್ರೊಫಿಲ್ಮಿನ ಸುರುಳಿಯಲ್ಲಿ ಬೇಕಾದ ಚಿತ್ರಕ್ಕೆ ಜಿಗಿದು ಪರದೆಯ ಮೇಲೆ ತೋರಿಸುತ್ತಿತ್ತು. ಯಂತ್ರ ಕೊಳ್ಳಲಾರದವರಿಗೆ ಅದೇ ಉಪಾಯದ ಪುಸ್ತಕಗಳೂ ಬಂದವು: ಉತ್ತರದ ಪಕ್ಕದಲ್ಲಿ ಪುಟಸಂಖ್ಯೆ, ಆ ಪುಟಕ್ಕೆ ಹೋದರೆ ನಿಮ್ಮ ತಪ್ಪಿಗೆ ತಕ್ಕ ವಿವರಣೆ. ಸಾಲಾಗಿ ಪುಟ ತಿರುವಿ ಓದಿದರೆ ತಲೆಬುಡ ತಿಳಿಯದ ಪುಸ್ತಕಗಳವು.

ಇಲ್ಲಿ ಒಂದು ಮಾತು ಗಮನಿಸಬೇಕು. ಆ ಜಾಣತನವೆಲ್ಲ ಪಾಠ ಬರೆದವರದು. ವಿದ್ಯಾರ್ಥಿ ಎಲ್ಲೆಲ್ಲಿ ಎಡವಬಹುದೆಂದು ಅನುಭವಿ ಶಿಕ್ಷಕರೊಬ್ಬರು ಮೊದಲೇ ಊಹಿಸಿ ಬರೆದಿಟ್ಟಿರಬೇಕು. ಊಹಿಸದ ತಪ್ಪು ಮಾಡಿದ ಮಗುವಿಗೆ ಅಲ್ಲಿ ಬಾಗಿಲಿಲ್ಲ. ಮೊದಲ ವಿದ್ಯಾರ್ಥಿ ಬಂದಾಗ ಹೇಗಿತ್ತೋ ಸಾವಿರದ ವಿದ್ಯಾರ್ಥಿ ಹೋದ ಮೇಲೂ ಯಂತ್ರ ಹಾಗೇ ಇರುತ್ತಿತ್ತು.

ಸ್ಯಾಕಿಯ ಮುಂದೆ ಕೂತವರ ಅನುಭವವೇ ಬೇರೆ. ಅದನ್ನು ಸೈಬರ್ನೆಟಿಕ್ಸ್ ವಿಜ್ಞಾನಿ ಸ್ಟಾಫರ್ಡ್ ಬಿಯರ್ 1959ರ ತಮ್ಮ ಪುಸ್ತಕದಲ್ಲಿ ಸೊಗಸಾಗಿ ವಿವರಿಸಿದ್ದಾರೆ. ನಿಮ್ಮ ಕೈಯ ಕೆಳಗೆ ಅಂಕೆಗಳನ್ನೇ ಬರೆಯದ ಬೋಳು ಕೀಲಿಗಳು. ಎದುರಿಗೆ ಒಂದು ಪುಟ್ಟ ಕಿಂಡಿ, ಅದರ ಜೊತೆಗೆ ಕೀಲಿಗಳ ಜೋಡಣೆಯಂತೆಯೇ ಜೋಡಿಸಿದ ಕೆಂಪು ದೀಪಗಳು. ಕಿಂಡಿಯಲ್ಲಿ 7 ಎಂದು ಮೂಡುತ್ತದೆ. 7 ಎಲ್ಲಿದೆಯೋ ನಿಮಗೆ ಗೊತ್ತಿಲ್ಲ. ಅಷ್ಟರಲ್ಲಿ ದೀಪವೊಂದು ಢಾಳಾಗಿ ಉರಿದು ಜಾಗ ತೋರಿಸುತ್ತದೆ, ಆ ಜಾಗದ ಕೀಲಿ ಒತ್ತುತ್ತೀರಿ. ಮುಂದಿನ ಅಂಕೆ, ಮುಂದಿನ ದೀಪ. ಸ್ವಲ್ಪ ಹೊತ್ತಿಗೆ 7 ಕೈಗೆ ಹತ್ತುತ್ತದೆ. ಆಗ 7ರ ದೀಪ ಮಂಕಾಗತೊಡಗುತ್ತದೆ. ಇನ್ನಷ್ಟು ಚುರುಕಾದರೆ ದೀಪ ಹತ್ತುವುದೇ ಇಲ್ಲ. 7ಕ್ಕೆ ಕೊಡುವ ಸಮಯವೂ ಕಡಿಮೆಯಾಗುತ್ತದೆ. ಆದರೆ ಅದೇನೋ, 3 ಮಾತ್ರ ಪ್ರತಿಸಲವೂ ಕೈಕೊಡುತ್ತಿದೆ. ಯಂತ್ರ ಅದನ್ನೂ ಕಂಡಿದೆ. ಈಗ 3 ಮತ್ತೆ ಮತ್ತೆ ಬರುತ್ತದೆ, ಬಂದಾಗ ಅವಸರ ಮಾಡುವುದಿಲ್ಲ, ಅದರ ದೀಪ ಇನ್ನೂ ಢಾಳಾಗಿಯೇ ಉರಿಯುತ್ತಿದೆ. 3ರ ಗಲಾಟೆಯಲ್ಲಿ ನೀವು 7ನ್ನು ಮರೆತಿರೋ, ಆರಿದ್ದ ದೀಪ ಮತ್ತೆ ಹೊತ್ತಿಕೊಳ್ಳುತ್ತದೆ.

ನಮ್ಮೂರುಗಳ ಟೈಪಿಂಗ್ ಇನ್‌ಸ್ಟಿಟ್ಯೂಟ್‌ಗಳಲ್ಲಿ ಕಲಿತವರಿಗೆ ಈ ವ್ಯತ್ಯಾಸ ಕೂಡಲೇ ತಿಳಿದೀತು. ಅಲ್ಲಿ ಕಿರುಬೆರಳು ಎಷ್ಟೇ ಮುಷ್ಕರ ಹೂಡಿದರೂ ಎಲ್ಲರಿಗೂ ಅದೇ ‘ಎ ಎಸ್ ಡಿ ಎಫ್’ ಸಾಲು, ಅಷ್ಟೇ ಸಲ.

ಸ್ಯಾಕಿ ಇದನ್ನೆಲ್ಲ ಹೇಗೆ ನೆನಪಿಟ್ಟುಕೊಳ್ಳುತ್ತಿತ್ತು? ಕೆಪಾಸಿಟರ್‌ಗಳಲ್ಲಿ. ಫ್ಯಾನ್ ನಿಧಾನವಾದಾಗ ಎಲೆಕ್ಟ್ರಿಷಿಯನ್ ಬಂದು ‘ಕಂಡೆನ್ಸರ್ ಹೋಗಿದೆ’ ಎಂದು ಬದಲಿಸುತ್ತಾರಲ್ಲ, ಅದೇ ಜಾತಿಯ ಬಿಡಿಭಾಗ. ವಿದ್ಯುದಾವೇಶವನ್ನು ಕೂಡಿಟ್ಟುಕೊಳ್ಳುವುದು ಅದರ ಕೆಲಸ. ಅಂಕೆ ಮೂಡಿದ ಕ್ಷಣದಿಂದ ಸರಿಯಾದ ಕೀಲಿ ಒತ್ತುವ ತನಕ ಎಷ್ಟು ಹೊತ್ತು ಹಿಡಿಯಿತು ಎಂಬುದು ಆ ಅಂಕೆಗೆ ಮೀಸಲಾದ ಕೆಪಾಸಿಟರ್‌ನ ಆವೇಶವಾಗಿ ಉಳಿಯುತ್ತಿತ್ತು. ಹೊಸ ಉತ್ತರ ಬಂದಂತೆಲ್ಲ ಆ ಆವೇಶ ಸ್ವಲ್ಪ ಏರುತ್ತದೆ ಅಥವಾ ಇಳಿಯುತ್ತದೆ. ಹಾಗಾಗಿ ಅದರಲ್ಲಿ ಉಳಿಯುವುದು ಇತ್ತೀಚಿನ ಪ್ರಯತ್ನಗಳ ಒಂದು ಸರಾಸರಿ. ಒಂದು ಸಲ ಕೆಮ್ಮು ಬಂದು ತಡವಾಯಿತೆಂದು ಯಂತ್ರ ಗಾಬರಿಯಾಗುವುದಿಲ್ಲ, ಮೇಲಿಂದ ಮೇಲೆ ತಡವಾದರೆ ಮಾತ್ರ ಮಣಿಯುತ್ತದೆ. ದೀಪದ ಬೆಳಕನ್ನೂ ಕೊಡುವ ಸಮಯವನ್ನೂ ನಿರ್ಧರಿಸುವುದು ಆ ಆವೇಶವೇ.

ಪಾಸ್ಕ್ ಹಿಡಿದ ಜಾಡು ಇಲ್ಲಿದೆ. ಪ್ರೆಸ್ಸಿಯ ಯಂತ್ರ ಉತ್ತರ ಸರಿಯೇ ಎಂದಷ್ಟೇ ನೋಡಿತು. ಕ್ರೌಡರರದು ಯಾವ ತಪ್ಪು ಎಂದು ನೋಡಿತು. ಸ್ಯಾಕಿ ನೋಡಿದ್ದು ಸರಿಯುತ್ತರಕ್ಕೂ ಮುಂಚಿನ ತಡವರಿಕೆಯನ್ನು. ಮಗ್ಗಿ ಒಪ್ಪಿಸುವ ಇಬ್ಬರು ಮಕ್ಕಳನ್ನು ನೆನೆಯಿರಿ. ಏಳೆಂಟ್ಲೆ ಎಂದೊಡನೆ ಐವತ್ತಾರು ಎನ್ನುವ ಮಗುವೂ, ಮೇಲೆ ನೋಡಿ, ಬೆರಳು ಮಡಚಿ, ಕೊನೆಗೆ ಐವತ್ತಾರು ಎನ್ನುವ ಮಗುವೂ ಪರೀಕ್ಷೆಯ ಪತ್ರಿಕೆಯಲ್ಲಿ ಸರಿಸಮ. ಒಳ್ಳೆಯ ಶಿಕ್ಷಕರಿಗೆ ಮಾತ್ರ ಎರಡನೆಯ ಮಗುವಿನ ಬಳಿ ಇನ್ನೂ ಕೆಲಸವಿದೆ ಎಂದು ಗೊತ್ತು. ಅಂಥ ಶಿಕ್ಷಕರ ಕಣ್ಣಿನ ಒಂದು ಚೂರನ್ನು ಪಾಸ್ಕ್ ತಂತಿ ಮತ್ತು ಕೆಪಾಸಿಟರ್‌ಗಳಲ್ಲಿ ಕಟ್ಟಿದರು.

ಈ ಯೋಚನೆ ಅವರಿಗೆ ಶಾಲೆಯಿಂದ ಬಂದದ್ದಲ್ಲ, ರಂಗಮಂಚದಿಂದ ಬಂದದ್ದು. ಸ್ಯಾಕಿಗೆ ಮೊದಲು, 1953ರ ಹೊತ್ತಿಗೆ, ಪಾಸ್ಕ್ ಮತ್ತು ಮೆಕಿನನ್ ವುಡ್ ‘ಮ್ಯೂಸಿಕಲರ್’ ಎಂಬ ಯಂತ್ರ ಮಾಡಿದ್ದರು. ವಾದ್ಯಗಾರರು ನುಡಿಸಿದಂತೆ ಬಣ್ಣದ ದೀಪಗಳು ಕುಣಿಯಬೇಕು. ಅಷ್ಟೇ ಆಗಿದ್ದರೆ ಅದು ಆರ್ಕೆಸ್ಟ್ರಾದ ಮಿಣುಕುದೀಪವಾಗುತ್ತಿತ್ತು. ಆದರೆ ನುಡಿಸಿದ್ದನ್ನೇ ನುಡಿಸುತ್ತಿದ್ದರೆ ಈ ಯಂತ್ರಕ್ಕೆ ‘ಬೇಸರ’ ಬರುತ್ತಿತ್ತು. ದೀಪಗಳು ಪ್ರತಿಕ್ರಿಯಿಸುವುದನ್ನು ನಿಲ್ಲಿಸುತ್ತಿದ್ದವು, ವಾದ್ಯಗಾರರು ಹೊಸದೇನಾದರೂ ನುಡಿಸಿ ಅದನ್ನು ಎಬ್ಬಿಸಬೇಕಾಗಿತ್ತು. ಯಂತ್ರ ಮನುಷ್ಯನನ್ನು ಬದಲಿಸುತ್ತದೆ, ಮನುಷ್ಯ ಯಂತ್ರವನ್ನು ಬದಲಿಸುತ್ತಾನೆ. ಸ್ಯಾಕಿಯಲ್ಲಿ ಪಾಸ್ಕ್ ಇದನ್ನೇ ತಿರುವಿ ಹಾಕಿದರು. ಇಲ್ಲಿ ಬೇಸರ ಬರಬಾರದ್ದು ಕಲಿಯುವವರಿಗೆ. ಬಂದದ್ದನ್ನೇ ಕೊಟ್ಟರೆ ಮನಸ್ಸು ಬೇರೆಲ್ಲೋ ಹೋಗುತ್ತದೆ, ಬಾರದ್ದನ್ನು ಒಮ್ಮೆಲೇ ಹೇರಿದರೆ ಕೈ ಸೋಲುತ್ತದೆ. ಈ ಎರಡರ ನಡುವಿನ ಕಿರಿದಾದ ಪಟ್ಟಿಯಲ್ಲಿ ಕಲಿಯುವವರನ್ನು ನಡೆಸುವುದೇ ಯಂತ್ರದ ಗುರಿಯಾಗಿತ್ತು.

ಹಾಗೆಂದು ಸ್ಯಾಕಿಯನ್ನು ಹೊತ್ತು ಮೆರೆಸಬೇಕಿಲ್ಲ. ಅದಕ್ಕೆ ಒಗ್ಗಿದ್ದು ಬೆರಳಿನ ಕೌಶಲ. 3 ಎಲ್ಲಿದೆ ಎಂಬುದಕ್ಕೆ ಒಂದೇ ಉತ್ತರ, ಅದರಲ್ಲಿ ಅರ್ಥ ಮಾಡಿಕೊಳ್ಳುವಂಥದ್ದೇನೂ ಇಲ್ಲ. ಭಿನ್ನರಾಶಿಯಲ್ಲಿ ಮಗು ತಡವರಿಸಿದರೆ ತಡವರಿಸಿದೆ ಎಂದು ಅದು ಅರಿಯಬಲ್ಲದು, ಏಕೆ ಎಂದು ಹೇಳಲಾರದು. ಆ ‘ಏಕೆ’ಗೆ ಉತ್ತರ ಕ್ರೌಡರರ ಬಳಿಯಿತ್ತು, ಆದರೆ ಅವರ ಯಂತ್ರಕ್ಕೆ ತಡವರಿಕೆ ಕಾಣುತ್ತಿರಲಿಲ್ಲ. ಎರಡೂ ಅರ್ಧರ್ಧ.

ಈ ಎರಡು ಅರ್ಧಗಳನ್ನು ಕೂಡಿಸಲು ಕಂಪ್ಯೂಟರ್ ಬರಬೇಕಾಯಿತು. 1960ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಬಿಟ್ಜರ್ ಅವರ ‘ಪ್ಲೇಟೊ’ ವ್ಯವಸ್ಥೆ ಶುರುವಾಯಿತು. 1970ರಲ್ಲಿ ಜೈಮೆ ಕಾರ್ಬೊನೆಲ್ ಅವರ ‘ಸ್ಕಾಲರ್’ ದಕ್ಷಿಣ ಅಮೆರಿಕದ ಭೂಗೋಳದ ಬಗ್ಗೆ ವಿದ್ಯಾರ್ಥಿಯೊಡನೆ ಪ್ರಶ್ನೋತ್ತರ ನಡೆಸಿತು. ನನಗೆ ಹೆಚ್ಚು ಇಷ್ಟವಾಗುವುದು 1978ರಲ್ಲಿ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಪ್ರಕಟಿಸಿದ ‘ಬಗ್ಗಿ’ಯ ಕೆಲಸ. 52ರಲ್ಲಿ 38 ಕಳೆದರೆ 26 ಎಂದು ಬರೆಯುವ ಮಗು ಕಣ್ಣು ಮುಚ್ಚಿ ಬರೆದದ್ದಲ್ಲ. ದಶಕ ತರುವುದನ್ನು ಬಿಟ್ಟು, ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದೆ: 8ರಲ್ಲಿ 2 ಹೋದರೆ 6, 5ರಲ್ಲಿ 3 ಹೋದರೆ 2. ಅದೇ ಮಗುವಿಗೆ 71ರಲ್ಲಿ 25 ಕಳೆಯಲು ಕೊಟ್ಟರೆ 54 ಎಂದು ಬರೆಯುತ್ತದೆ ಎಂಬುದನ್ನು ಮುಂಚಿತವಾಗಿಯೇ ಹೇಳಬಹುದು. ಇಂಥ ತಪ್ಪು ನಿಯಮಗಳನ್ನು ಅವರು ಕಂಪ್ಯೂಟರಿಗೆ ತುಂಬಿ, ಶಿಕ್ಷಕರಾಗುವವರ ಮುಂದೆ ಆಟವಾಗಿ ಇಟ್ಟರು. ಯಂತ್ರ ತಪ್ಪು ಮಾಡುವ ಮಗುವಿನ ಪಾತ್ರ ವಹಿಸುತ್ತದೆ, ಅದರ ತಲೆಯೊಳಗಿನ ನಿಯಮ ಯಾವುದೆಂದು ಶಿಕ್ಷಕರು ಕಂಡುಹಿಡಿಯಬೇಕು.

ಇವತ್ತು ‘ನಿಮ್ಮ ಮಗುವಿಗೆಂದೇ ರೂಪುಗೊಳ್ಳುವ ಪಾಠ’ ಎಂಬ ಜಾಹೀರಾತು ಹೊತ್ತ ಆ್ಯಪ್‌ಗಳಿಗೆ ಬರವಿಲ್ಲ. ಹಣ ಕಟ್ಟುವ ಮೊದಲು ಹತ್ತು ನಿಮಿಷ ನೀವೇ ಕೂತು ನೋಡಿ. ಒಂದೇ ಬಗೆಯ ತಪ್ಪನ್ನು ಬೇಕೆಂದೇ ಮೂರು ನಾಲ್ಕು ಸಲ ಮಾಡಿ. ಆಮೇಲೆ ಬೇರೆ ಬಗೆಯ ತಪ್ಪು ಮಾಡಿ. ಒಂದು ಸುಲಭದ ಪ್ರಶ್ನೆಗೆ ಅರ್ಧ ನಿಮಿಷ ಸುಮ್ಮನಿದ್ದು ಸರಿಯುತ್ತರ ಕೊಡಿ. ಎಲ್ಲಕ್ಕೂ ಅದೇ ಕೆಂಪು ಗುರುತು, ಅದೇ ವಿಡಿಯೊ, ಅದೇ ಚಪ್ಪಾಳೆ ಬಂದರೆ, ನೀವು ಕೊಳ್ಳಲು ಹೊರಟಿರುವುದು ಬಣ್ಣ ಬಳಿದ ಪ್ರೆಸ್ಸಿಯ ಮೊದಲ ಯಂತ್ರ, ಮಿಠಾಯಿ ಸಮೇತ.