ಅಂಕಣವೆಂಬ ಅಳತೆ: ಬೈಲಹೊಂಗಲ–ಸವದತ್ತಿ ಸೀಮೆಯ ಕಂಬದ ಮನೆಗಳು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಪರಿಸರದಲ್ಲಿ ದೇಸಾಯಿ, ದೇಶಪಾಂಡೆ, ಇನಾಮದಾರ ಮನೆತನಗಳ ಹಳೆಯ ಮನೆಗಳಿಗೆ ‘ವಾಡೆ’ ಎಂಬ ಹೆಸರಿದೆ. ಸ್ಥಿತಿವಂತ ಒಕ್ಕಲಿನ ಮನೆಗಳೂ ಇದೇ ರಚನಾಕ್ರಮವನ್ನು ಅನುಸರಿಸಿವೆ. ನೋಡುವವರ ಕಣ್ಣು ಮೊದಲು ಕೆತ್ತನೆಯ ಬಾಗಿಲಿಗೆ ಹೋಗುವುದು ಸಹಜ; ಮನೆಯ ಮರ್ಮವಿರುವುದು ಮಾತ್ರ ಕಂಬ-ತೊಲೆಗಳ ಜೋಡಣೆಯಲ್ಲಿ.

ಅಡಿಗಲ್ಲಿನ ಮೇಲೆ ಕಂಬ, ಕಂಬದ ತಲೆಗೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತಿ, ಜಂತಿಯ ಮೇಲೆ ಹಲಗೆ ಅಥವಾ ಚಿಲಕೆ, ಕೊನೆಗೆ ಮಣ್ಣಿನ ಮೇಲ್ಮುದ್ದೆ. ಕಂಬವನ್ನು ನೆಲದಲ್ಲಿ ಹೂಳದೆ ಕಲ್ಲಿನ ಮೇಲೆ ನಿಲ್ಲಿಸುವುದರಿಂದ ತೇವವೂ ಗೆದ್ದಲೂ ಬೇಗ ತಾಗುವುದಿಲ್ಲ. ಈ ಸೀಮೆಯ ಎರೆನೆಲ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಆಗ ಮಣ್ಣಿನ ಗೋಡೆ ಸೀಳಿದರೂ ಮಾಳಿಗೆಯ ಭಾರವನ್ನು ಮರದ ಚೌಕಟ್ಟು ಹೊತ್ತು ನಿಲ್ಲುತ್ತದೆ. ಒಳಮನೆಗೆ ಬೆಳಕು ಬರುವುದು ಮಾಳಿಗೆಯ ಬೆಳಕಿಂಡಿಯಿಂದ.

ಎರಡು ಕಂಬಗಳ ನಡುವಿನ ಜಾಗವೇ ‘ಅಂಕಣ’. ಇದು ಬಡಿಗನ ಅಳತೆಯಷ್ಟೇ ಅಲ್ಲ, ಮನೆತನದ ಅಂತಸ್ತಿನ ಅಳತೆಯೂ ಹೌದು, ‘ಎಷ್ಟಂಕಣದ ಮನಿ?’ ಎಂಬ ಪ್ರಶ್ನೆಯಲ್ಲಿ ಎರಡೂ ಅಡಗಿವೆ. ಅಣ್ಣತಮ್ಮಂದಿರು ಬೇರೆಯಾದಾಗ ಹಿಸ್ಸೆಯೂ ಅಂಕಣದ ಲೆಕ್ಕದಲ್ಲೇ ನಡೆಯುತ್ತದೆ. ಕಂಬದ ಸಾಲಿಗೆ ಗೋಡೆ ಏಳುತ್ತದೆ. ಹೀಗೆ ಒಲೆ ಬೇರೆಯಾದರೂ ತೊಲೆ ಬೇರೆಯಾಗುವುದಿಲ್ಲ. ಒಬ್ಬನ ಪಾಲಿನ ತೊಲೆ ಗೋಡೆ ದಾಟಿ ಇನ್ನೊಬ್ಬನ ಕಂಬದ ಮೇಲೆ ಕೂತಿರುತ್ತದೆ. ಆದ್ದರಿಂದ ಮಾತು ಬಿಟ್ಟವರೂ ಮಳೆಗಾಲಕ್ಕೆ ಮುನ್ನ ಮೇಲ್ಮುದ್ದೆಗೆ ಮಣ್ಣು ಹೊರಿಸಲು ಕೂಡಬೇಕಾಗುತ್ತದೆ. ಕೂಡುಕುಟುಂಬ ಒಡೆದ ಮೇಲೂ ಅದರ ಕಟ್ಟು ಮಾಳಿಗೆಯಲ್ಲಿ ಉಳಿಯಿತೆನ್ನಲು ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಮರ ಹೋದರೆ ಉಳಿಯುವುದೇನು ಎಂಬುದಕ್ಕೆ 1824ರ ಡಿಸೆಂಬರಿನಲ್ಲಿ ಬ್ರಿಟಿಷರ ವಶವಾದ ಕಿತ್ತೂರು ಕೋಟೆಯೊಳಗಿನ ಅರಮನೆಯನ್ನು ನೋಡಬಹುದು. ಅಲ್ಲಿ ಇಂದು ತಳಪಾಯ ಮತ್ತು ಗೋಡೆಗಳಿಂದಲೇ ಮನೆಯನ್ನು ಊಹಿಸಿಕೊಳ್ಳಬೇಕು. ಸವದತ್ತಿ ಸೀಮೆಯ ಶಿರಸಂಗಿಯ ವಾಡೆಯ ಕಥೆ ಬೇರೆ. ಲಿಂಗರಾಜ ದೇಸಾಯಿಯವರು (1861–1906) ತಮ್ಮ ಆಸ್ತಿಯನ್ನು ಮರಣಶಾಸನದ ಮೂಲಕ ಲಿಂಗಾಯತ ಮಕ್ಕಳ ವಿದ್ಯಾಭ್ಯಾಸಕ್ಕೆ ಬಿಟ್ಟುದರಿಂದ ಆ ವಾಡೆಗೆ ಒಂದು ದೊಡ್ಡ ಹೆಸರಿನ ಆಸರೆಯಿದೆ. ಹೆಸರಿಲ್ಲದ ಮನೆಗಳಿಗೆ ಆ ಆಸರೆಯಿಲ್ಲ. ಅವು ಬಿಚ್ಚಲ್ಪಟ್ಟು, ಸಾಗವಾನಿಯ ಕಂಬಗಳು ಬಿಡಿಬಿಡಿಯಾಗಿ ಮಾರಾಟವಾಗುತ್ತವೆ. ಕೆತ್ತನೆಯನ್ನು ಮೆಚ್ಚಿ ಕೊಂಡವರಿಗೆ ಅದು ಎಷ್ಟನೆಯ ಅಂಕಣದ ಕಂಬವೆಂಬುದು ಬೇಕಾಗಿರುವುದಿಲ್ಲ.

ಕ್ಷೇತ್ರಕಾರ್ಯದಲ್ಲಿ ತೊಡಗುವವರು ಮನೆಯ ನಕ್ಷೆಯಲ್ಲಿ ಕಂಬಗಳನ್ನು ಗುರುತಿಸುವುದರ ಜೊತೆಗೆ, ಯಾವ ಅಂಕಣ ಯಾರ ಪಾಲಿಗೆ ಬಂದಿತೆಂಬುದನ್ನೂ ದಾಖಲಿಸುವುದು ಅಗತ್ಯ. ಇದಕ್ಕೆ ಮನೆಯ ಹಿರಿಯ ಹೆಂಗಸರನ್ನೇ ಮೊದಲು ಕೇಳಬೇಕು. ಗಂಡಸರು ಉತಾರ ತಂದು ತೋರಿಸಿಯಾರು. ಬಾಣಂತಿಯ ಕೋಣೆ ಯಾವ ಅಂಕಣದಲ್ಲಿತ್ತು ಎಂಬುದು ಉತಾರದಲ್ಲಿ ಇರುವುದಿಲ್ಲ.