ಡಿಸೆಂಬರ್ ಪರೀಕ್ಷೆಗೆ ಏಪ್ರಿಲ್ ಓದು

ಪಿಯುಸಿ ಮಕ್ಕಳಿರುವ ಮನೆಯಲ್ಲಿ ಪರೀಕ್ಷೆ ಎಂದರೆ ಮಾರ್ಚ್, ಅದಾದ ಮೇಲೆ ಸಿಇಟಿ, ನೀಟ್. ಲಾ ಓದುತ್ತೇನೆ ಎಂದು ಹೊರಟವರಿಗೆ ಮಾತ್ರ ಕ್ಯಾಲೆಂಡರೇ ಬೇರೆ. ರಾಷ್ಟ್ರೀಯ ಕಾನೂನು ಶಾಲೆಗಳ ಐದು ವರ್ಷದ ಪದವಿಗೆ ಪ್ರವೇಶ ಕೊಡುವ ಕ್ಲ್ಯಾಟ್ ಈಚಿನ ವರ್ಷಗಳಲ್ಲಿ ಡಿಸೆಂಬರಿಗೆ ಬಂದು ನಿಂತಿದೆ. 2024ರಲ್ಲಿ ಡಿಸೆಂಬರ್ 1ರಂದು ನಡೆಯಿತು, 2025ರಲ್ಲಿ 7ರಂದು. ಆ ಹೊತ್ತಿಗೆ ದ್ವಿತೀಯ ಪಿಯುಸಿಯ ಪಾಠಗಳೇ ಪೂರ್ತಿ ಮುಗಿದಿರುವುದಿಲ್ಲ. ‘ಪಿಯುಸಿ ಮುಗಿಯಲಿ, ಆಮೇಲೆ ನೋಡೋಣ’ ಎಂದವರಿಗೆ ಒಂದು ವರ್ಷ ಕೈಬಿಟ್ಟಂತೆಯೇ.

ಆದ್ದರಿಂದ ತಯಾರಿ ಶುರುವಾಗಬೇಕಾದ್ದು ಪ್ರಥಮ ಪಿಯುಸಿ ಮುಗಿದ ಬೇಸಿಗೆ ರಜೆಯಲ್ಲಿ. ಆದರೆ ಏನನ್ನು ಓದುವುದು? ಅವೆನ್ಯೂ ರಸ್ತೆಯ ಹಳೆ ಪುಸ್ತಕದ ರಾಶಿಯಲ್ಲಿ ಕ್ಲ್ಯಾಟ್ ಗೈಡ್ ಸಿಕ್ಕಿದರೆ ಮೊದಲು ಇಸವಿ ನೋಡಿ. 2008ರಲ್ಲಿ ಶುರುವಾದ ಈ ಪರೀಕ್ಷೆ 2019ರವರೆಗೂ 200 ಪ್ರಶ್ನೆಗಳದ್ದಾಗಿತ್ತು. ಒಂದು ಸಾಲಿನ ಜನರಲ್ ನಾಲೆಜ್ ಪ್ರಶ್ನೆಗಳನ್ನು ಬಾಯಿಪಾಠ ಮಾಡಿದವರಿಗೂ ಅದರಲ್ಲಿ ಅಂಕ ಇತ್ತು. 2020ರಿಂದ ಪ್ರಶ್ನೆಗಳೆಲ್ಲ ಪ್ಯಾಸೇಜುಗಳ ಕೆಳಗೆ ಬಂದವು. ಈಗ 120 ನಿಮಿಷಕ್ಕೆ 120 ಪ್ರಶ್ನೆ, ಪ್ಯಾಸೇಜು ಒಂದೊಂದೂ ಸುಮಾರು 450 ಪದ. ಪ್ಯಾಸೇಜಿಗೆ ಐದು ಪ್ರಶ್ನೆ ಎಂದುಕೊಂಡರೂ ಎರಡು ಗಂಟೆಯಲ್ಲಿ ಹತ್ತು ಸಾವಿರದಷ್ಟು ಇಂಗ್ಲಿಷ್ ಪದಗಳು ಕಣ್ಣಮುಂದೆ ಹಾಯುತ್ತವೆ. ಕಾನೂನು ಶಾಲೆಯ ಪರೀಕ್ಷೆ ಎಂಬ ಹೆಸರಿದ್ದರೂ ಇದು ಮೊದಲಿಗೆ ಓದುವ ವೇಗದ ಪರೀಕ್ಷೆ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಏಟು ಬೀಳುವುದು ಇಲ್ಲೇ. ಕ್ಲ್ಯಾಟ್ ಇಂಗ್ಲಿಷಿನಲ್ಲಿ ಮಾತ್ರ ನಡೆಯುತ್ತದೆ. ಇದು ನ್ಯಾಯವೇ ಎಂಬ ಜಗಳ ದೆಹಲಿ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿದೆ. ಜಗಳ ಬಗೆಹರಿಯಲಿ ಎಂದು ಕಾಯುವಂತಿಲ್ಲವಲ್ಲ, ಹಾಗಾಗಿ ಒಂದು ಉಪಾಯ. ಬೆಳಿಗ್ಗೆ ಕನ್ನಡ ಪತ್ರಿಕೆಯಲ್ಲಿ ಒಂದು ವಿಷಯವನ್ನು ಪೂರ್ತಿ ಓದಿಕೊಂಡು, ಅದೇ ವಿಷಯದ ಮೇಲಿನ ಇಂಗ್ಲಿಷ್ ಸಂಪಾದಕೀಯಕ್ಕೆ ಹೋಗುವುದು. ಸಂಗತಿ ಮೊದಲೇ ತಿಳಿದಿದ್ದರೆ ಅಪರಿಚಿತ ಪದಗಳು ಅಷ್ಟಾಗಿ ಕಾಡುವುದಿಲ್ಲ. ಏಪ್ರಿಲ್, ಮೇ ಎರಡು ತಿಂಗಳು ಇಷ್ಟನ್ನೇ ಬಿಡದೆ ಮಾಡಿದರೂ ಸಾಕು, ಡಿಕ್ಷನರಿ ಉರು ಹೊಡೆಯುವುದು ಬೇಡ.

ಲೀಗಲ್ ರೀಸನಿಂಗ್ ವಿಭಾಗಕ್ಕೆ ಕಾನೂನು ಗೊತ್ತಿರಲೇಬೇಕಿಲ್ಲ, ನಿಯಮವನ್ನು ಪ್ಯಾಸೇಜೇ ಕೊಡುತ್ತದೆ. ಅಪ್ರಾಪ್ತನ ಕರಾರು ಅಸಿಂಧು ಎಂದು ಅಲ್ಲಿ ಬರೆದಿದ್ದರೆ, ಹದಿನೇಳರ ಹುಡುಗ ವಯಸ್ಸು ಮುಚ್ಚಿಟ್ಟು ಬೈಕ್ ಕೊಂಡರೂ ಆ ಕರಾರು ಅಸಿಂಧುವೇ. ಅಂಗಡಿಯವನ ಮೇಲೆ ಕನಿಕರ ಬಂದವರು ತಪ್ಪು ಉತ್ತರಕ್ಕೆ ಗುರುತು ಹಾಕುತ್ತಾರೆ. ಆದರೂ ಹೆಸರಾಂತ ತೀರ್ಪುಗಳ ಪರಿಚಯವಿದ್ದರೆ ಓದು ಚುರುಕಾಗುತ್ತದೆ. ನಮ್ಮವರಿಗೆ ಇದು ಕಷ್ಟವಾಗಬಾರದು: ಸಂವಿಧಾನದ ಮೂಲ ಸ್ವರೂಪದ ತೀರ್ಪಿಗೆ (1973) ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿಯವರ ಹೆಸರು, ರಾಷ್ಟ್ರಪತಿ ಆಳ್ವಿಕೆಯ ತೀರ್ಪಿಗೆ (1994) ಎಸ್.ಆರ್. ಬೊಮ್ಮಾಯಿಯವರ ಹೆಸರು, ಖಾಸಗಿತನದ ತೀರ್ಪಿಗೆ (2017) ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರು.

ಜೂನಿನಲ್ಲಿ ಕಾಲೇಜು ತೆರೆದ ಮೇಲೆ ದಿನಕ್ಕೆ ಹತ್ತು ಗಂಟೆಯ ಟೈಮ್‌ಟೇಬಲ್ ಗೋಡೆಗೆ ಅಂಟಿಸುವುದು ಸುಮ್ಮನೆ ಚಂದಕ್ಕೆ. ಬಸ್ಸು, ಲ್ಯಾಬು, ಟ್ಯೂಷನ್ ಕಳೆದು ಉಳಿಯುವುದು ಹೆಚ್ಚೆಂದರೆ ಎರಡೂವರೆ ಗಂಟೆ. ಬೆಳಿಗ್ಗೆ ಒಂದು ಗಂಟೆ ಪತ್ರಿಕೆಗೆ, ಸಂಜೆ ಉಳಿದದ್ದು ದಿನಕ್ಕೊಂದು ವಿಭಾಗಕ್ಕೆ. ಗಣಿತ ಶೇ 10 ಮಾತ್ರ ಎಂದು ಆರ್ಟ್ಸ್ ಓದುವವರು ಅದನ್ನು ಪೂರ್ತಿ ಬಿಟ್ಟುಬಿಡುವುದುಂಟು. ಕೇಳುವುದು ಎಸ್ಸೆಸ್ಸೆಲ್ಸಿ ಮಟ್ಟದ ಶೇಕಡಾ, ಅನುಪಾತ, ಸರಾಸರಿ. ಆ ಹತ್ತನ್ನು ಬಿಟ್ಟುಕೊಡುವುದು ದಡ್ಡತನ.

ಆಗಸ್ಟಿನಿಂದ ಭಾನುವಾರಕ್ಕೊಂದು ಮಾಕ್ ಟೆಸ್ಟ್. ಅದೂ ಮಧ್ಯಾಹ್ನ ಎರಡರಿಂದ ನಾಲ್ಕಕ್ಕೇ ಬರೆಯಬೇಕು. ನಿಜವಾದ ಪರೀಕ್ಷೆ ನಡೆಯುವುದು ಆ ಹೊತ್ತಿನಲ್ಲಿ, ಊಟ ಇಳಿದು ಕಣ್ಣು ಎಳೆಯುವ ಹೊತ್ತಿನಲ್ಲಿ. ಮೊಬೈಲಿನಲ್ಲಿ ಬೇಡ; ಒಎಂಆರ್ ಹಾಳೆಯ ಪ್ರಿಂಟ್ ತೆಗೆದು ಬಾಲ್‌ಪೆನ್ನಿನಲ್ಲೇ ವೃತ್ತ ತುಂಬಿ, ಅದಕ್ಕೂ ನಿಮಿಷಗಳು ಹೋಗುತ್ತವೆ. ಕರೆಂಟ್ ಅಫೇರ್ಸ್ ಪ್ಯಾಸೇಜನ್ನು ಪೂರ್ತಿ ಓದದೆ ಪ್ರಶ್ನೆಗೇ ಇಳಿದರೆ ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ, ಏಕೆಂದರೆ ಅಲ್ಲಿ ಉತ್ತರ ಗೊತ್ತಿರುತ್ತದೆ ಅಥವಾ ಗೊತ್ತಿರುವುದಿಲ್ಲ. ಹಾಗೆ ಉಳಿಸಿದ ಸಮಯ ಲೀಗಲ್ ಮತ್ತು ಲಾಜಿಕಲ್ ವಿಭಾಗಗಳಿಗೆ ಬೇಕೇ ಬೇಕು.

ಮಾಕ್ ಬರೆಯುವುದಕ್ಕಿಂತ ಬರೆದದ್ದನ್ನು ಬಿಡಿಸಿ ನೋಡುವುದಕ್ಕೆ ಹೆಚ್ಚು ಹೊತ್ತು ಕೊಡಬೇಕು. ಬಹಳಷ್ಟು ಮಕ್ಕಳು ಅಂಕ ನೋಡಿ, ಬೇಜಾರಾಗಿ, ಮುಂದಿನ ಮಾಕಿಗೆ ಹಾರುತ್ತಾರೆ. ತಪ್ಪಾದ ಪ್ರತಿ ಪ್ರಶ್ನೆಯ ಎದುರು ಕಾರಣ ಬರೆದಿಡಿ: ಪ್ಯಾಸೇಜೇ ಅರ್ಥವಾಗಲಿಲ್ಲವೇ, ಎರಡು ಆಯ್ಕೆಗಳ ನಡುವೆ ಎಡವಿದಿರಾ, ಗಡಿಯಾರ ನೋಡಿ ಗಾಬರಿಯಾದಿರಾ? ಐದಾರು ವಾರಕ್ಕೆ ಒಂದೇ ಕಾರಣ ಮತ್ತೆ ಮತ್ತೆ ಕಾಣುತ್ತದೆ, ಮುಂದಿನ ವಾರದ ಟೈಮ್‌ಟೇಬಲ್ ಅದನ್ನೇ ನೋಡಿ ಹಾಕಿಕೊಳ್ಳಬೇಕು. ಇನ್ನು ನೆಗೆಟಿವ್ ಅಂಕದ ಭಯ. ತಪ್ಪಿಗೆ ಕಳೆಯುವುದು 0.25. ನಾಲ್ಕರಲ್ಲಿ ಎರಡು ಆಯ್ಕೆ ಖಂಡಿತ ಅಲ್ಲ ಎಂದು ಗೊತ್ತಾದರೆ ಉಳಿದೆರಡರಲ್ಲಿ ಒಂದನ್ನು ಊಹಿಸಿ ಹಾಕುವುದೇ ಲಾಭ. ಅಂಥ ಎಂಟು ಪ್ರಶ್ನೆಗಳಲ್ಲಿ ಅರ್ಧ ಸರಿಯಾದರೂ ಮೂರು ಅಂಕ ಕೈಗೆ ಬರುತ್ತದೆ.

ಅರ್ಜಿ ಹಾಕುವುದನ್ನು ಕೊನೆಯ ದಿನಕ್ಕೆ ತಳ್ಳಬೇಡಿ. ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಕರ್ನಾಟಕದಲ್ಲಿ ಹತ್ತು ವರ್ಷ ಓದಿದವರಿಗೆ ಶೇ 25ರಷ್ಟು ಸೀಟು ಮೀಸಲಿದೆ. ಅದಕ್ಕೆ ಬೇಕಾದ ಶಾಲಾ ದಾಖಲೆಗಳನ್ನು ದಸರಾ ರಜೆಯೊಳಗೆ ಜೋಡಿಸಿಟ್ಟುಕೊಳ್ಳುವುದು ಒಳ್ಳೆಯದು. ನವೆಂಬರಿನ ಕೊನೆಯ ವಾರ ಹೊಸ ಪುಸ್ತಕ ಮುಟ್ಟದೆ, ತಪ್ಪುಗಳ ನೋಟ್‌ಬುಕ್ ತಿರುವಿಹಾಕಿದರೆ ಸಾಕು. ಪರೀಕ್ಷೆ ಮುಗಿದ ಮೇಲೆ ಕೀ ಉತ್ತರದ ವಾದ ಎಷ್ಟು ದಿನ ಎಳೆಯುತ್ತದೋ ಹೇಳಲಾಗದು. 2024ರ ಡಿಸೆಂಬರಿನಲ್ಲಿ ಬರೆದವರ ಫಲಿತಾಂಶದ ವ್ಯಾಜ್ಯ ಮರುವರ್ಷದ ಮೇ ತಿಂಗಳಿನಲ್ಲಿ ಸುಪ್ರೀಂ ಕೋರ್ಟಿನಲ್ಲಿತ್ತು. ಆ ಗಲಾಟೆಗೆ ಕಿವಿಗೊಡುತ್ತ ಕೂರದೆ ಸೋಮವಾರ ಕಾಲೇಜಿಗೆ ಹೋಗಿ; ಜನವರಿಯ ಪೂರ್ವಸಿದ್ಧತಾ ಪರೀಕ್ಷೆಗೆ ಅಕೌಂಟೆನ್ಸಿಯೋ ಫಿಸಿಕ್ಸೋ ಬಾಕಿ ಉಳಿದಿರುತ್ತದೆ.