ಕೀಲುವಾತಕ್ಕೆ ಯಾವ ಪರೀಕ್ಷೆ?

ಮುಂಜಾನೆ ಎದ್ದ ಗೃಹಿಣಿಯು ಬೆರಳುಗಳನ್ನು ಮಡಿಸಲಾರದೆ, ಬಿಸಿನೀರಿನಲ್ಲಿ ಕೈಯದ್ದಿಕೊಂಡು ಒಂದು ಗಂಟೆ ಕುಳಿತಿರುವಳು. ಮನೆಯವರು 'ವಾಯು' ಎಂದು ಹರಳೆಣ್ಣೆ ತಿಕ್ಕುವರು. ಹೊತ್ತೇರಿದಂತೆ ಬಿಗಿತವು ಸಡಿಲುವುದರಿಂದ ಯಾರೂ ಅದನ್ನು ಲೆಕ್ಕಿಸುವುದಿಲ್ಲ. ವಾರಗಟ್ಟಲೆ ಹೀಗೆಯೇ ನಡೆದು ಗೆಣ್ಣುಗಳು ಊದಿದರೆ, ಅದು ವೈದ್ಯರು ರುಮಟಾಯ್ಡ್ ಆರ್ತ್ರೈಟಿಸ್ ಎನ್ನುವ ಕೀಲುವಾತದ ಆರಂಭವಿರಬಹುದು. ಈ ರೋಗವು ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಾಲು ಹೆಚ್ಚು. ಮೊದಲ ತಿಂಗಳುಗಳಲ್ಲಿಯೇ ಔಷಧೋಪಚಾರವಾದರೆ ಕೀಲು ಉಳಿಯುವ ಸಂಭವವುಂಟು. ಸವೆದ ಎಲುಬು ಮರಳಿ ಬಾರದು.

ರಾಂಟ್ಗೆನ್ ಪಂಡಿತನು 1895ರಲ್ಲಿ ಕಂಡುಹಿಡಿದ ಕ್ಷಕಿರಣವು ಎಲುಬನ್ನು ಚೆನ್ನಾಗಿ ತೋರಿಸುವುದು. ಆದರೆ ರೋಗವು ಮೊದಲು ಹಿಡಿಯುವುದು ಕೀಲಿನ ಒಳಪೊರೆಯನ್ನು. ಅದನ್ನು ಕಾಣಲು ಎರಡು ಸಾಧನಗಳುಂಟು.

ಗರ್ಭಿಣಿಯರ ಪರೀಕ್ಷೆಯಿಂದ ಅಲ್ಟ್ರಾಸೌಂಡು ನಮ್ಮ ವಾಚಕಿಯರಿಗೆ ಪರಿಚಿತವೇ ಆಗಿದೆ. ಕಿವಿಗೆ ಕೇಳಿಸದಷ್ಟು ತಾರಸ್ಥಾಯಿಯ ಶಬ್ದತರಂಗಗಳ ಮಾರ್ದನಿಯಿಂದ ಅದರ ಚಿತ್ರವು ಮೂಡುವುದು. ಮೀನಖಂಡದ ಬಾವು ರಕ್ತನಾಳದ ದೋಷವೋ, ಮೊಣಕಾಲಿನ ಹಿಂಬದಿಯ ನೀರುಗಂಟೋ ಎಂಬುದನ್ನು ತಿಳಿಯಲು 1972ರಷ್ಟು ಹಿಂದೆಯೇ ಇದನ್ನು ಬಳಸಿದ್ದರು. ವೈದ್ಯರು ರೋಗಿಯೊಡನೆ ಮಾತನಾಡುತ್ತ, ಒಂದೊಂದು ಬೆರಳನ್ನೂ ಮಡಿಸಿ ಬಿಡಿಸಿ ನೋಡಬಹುದು. ಡಾಪ್ಲರ್ ವಿಧಾನದಿಂದ ಊದಿದ ಪೊರೆಯೊಳಗಿನ ರಕ್ತದ ಹರಿವೂ ಬಣ್ಣದಲ್ಲಿ ತೋರುವುದು. ವೆಚ್ಚವೂ ಕಡಿಮೆ. ನೋಡುವ ಕೈ ಮಾತ್ರ ಪಳಗಿರಬೇಕು. ಮೇಲಾಗಿ, ಈ ಶಬ್ದವು ಎಲುಬನ್ನು ಭೇದಿಸಿ ಒಳಹೋಗಲಾರದು.

ಎಮ್.ಆರ್.ಐ.ಯ ಹಿರಿಮೆಯಿರುವುದು ಅಲ್ಲಿಯೇ. ಬಲವಾದ ಅಯಸ್ಕಾಂತವೂ ರೇಡಿಯೋ ಅಲೆಗಳೂ ಕೂಡಿ ಎಲುಬಿನ ಮಜ್ಜೆಯ ಬಾವನ್ನೂ ತೋರಿಸುವುವು. ತರುಣನೊಬ್ಬನಿಗೆ ಮೂರು ತಿಂಗಳು ಮೀರಿದ ಸೊಂಟನೋವು. ಮಲಗಿದರೆ ಹೆಚ್ಚುವುದು, ನಡೆದಾಡಿದರೆ ಇಳಿಯುವುದು. ಇದು ಬೆನ್ನೆಲುಬಿನ ವಾತವಿರಬಹುದು. ಸೊಂಟದ ಆಳದ ಕೀಲಿನಲ್ಲಿ ಅದರ ಗುರುತು ಕ್ಷಕಿರಣಕ್ಕೆ ಸಿಕ್ಕಲು ವರ್ಷಗಳೇ ಹಿಡಿಯಬಹುದು, ಎಮ್.ಆರ್.ಐ.ಗೆ ಬಹು ಮುಂಚೆಯೇ ಸಿಕ್ಕುವುದುಂಟು. ಗದ್ದಲದ ಕೊಳವೆಯೊಳಗೆ ಅರ್ಧಗಂಟೆ ಅಲುಗಾಡದೆ ಮಲಗುವುದು ಕೆಲವರಿಗೆ ದಿಗಿಲು. ಎದೆಯಲ್ಲಿ ಪೇಸ್‌ಮೇಕರ್ ಇದ್ದವರು ಮೊದಲೇ ತಿಳಿಸತಕ್ಕದ್ದು.

ಬೆಲೆ ಹೆಚ್ಚಾದುದೇ ಮೇಲೆಂಬ ಭ್ರಮೆ ನಮ್ಮಲ್ಲುಂಟು. ಊದಿದ ಬೆರಳಿಗೆ ಅನೇಕ ವೇಳೆ ಅಲ್ಟ್ರಾಸೌಂಡೇ ಸಾಕು. ಎಮ್.ಆರ್.ಐ. ಚಿತ್ರವೂ ತಾನಾಗಿ ತೀರ್ಪು ಕೊಡಲಾರದು: ಹೊಸದಾಗಿ ಹೆತ್ತ ತಾಯಂದಿರ ಸೊಂಟದ ಕೀಲಿನಲ್ಲಿ ರೋಗವಿಲ್ಲದೆಯೂ ಮಜ್ಜೆಯ ಬಾವು ಕಾಣಿಸುವುದುಂಟು. ಆದುದರಿಂದ ಹೆರಿಗೆಯಾಗಿ ಎಷ್ಟು ತಿಂಗಳಾಯಿತೆಂಬುದನ್ನು, ಅವರು ಕೇಳದಿದ್ದರೂ, ವೈದ್ಯರಿಗೆ ಹೇಳಬೇಕು.